ಟವೆಲ್ಲಿನ ಕೆಳಗೆ ಕೊಂಡ ಸ್ಕೂಟರು

ಶ್ರಾವಣದ ಮೊದಲ ಸೋಮವಾರ, ಜತ್ತಕ್ಕೆ ಹೋಗುವ ಮಧ್ಯಾಹ್ನದ ಬಸ್ಸು ಹೊರಟ ಮೇಲೆ, ದರಿಬಡಚಿಯ ಬಸ್‌ಸ್ಟ್ಯಾಂಡಿನ ಬೇವಿನ ಮರದ ಕೆಳಗೆ ನಾನು ನಿಂತಿದ್ದೆ. ನನ್ನ ಎಡಗೈ ಹಳೆಯದೊಂದು ಸ್ಕೂಟರಿನ ಸೀಟಿನ ಮೇಲಿತ್ತು. ಕಂಡದ್ದನ್ನು ಕಂಡಷ್ಟೇ ಹೇಳುವುದು ನನ್ನ ರೋಗ. ಸಾರಿಗೆ ಉಪ್ಪು ಹೆಚ್ಚಾಯಿತೇ ಎಂದು ಹೆಂಡತಿ ಕಸ್ತೂರಿ ಕೇಳಿದರೆ, ನನ್ನ ತಾಟಿನ ಮಟ್ಟಿಗೆ ಹೌದು, ಪಾತ್ರೆಯಲ್ಲಿದ್ದುದರ ಬಗ್ಗೆ ಹೇಳಲಾರೆ ಎನ್ನುತ್ತೇನೆ. "ನಿಮ್ಮ ಕೂಡ ಜಗಳಾನೂ ನೆಟ್ಟಗ ಆಗೂದಿಲ್ರಿ" ಎನ್ನುತ್ತಾಳೆ ಆಕೆ.

ಸ್ಕೂಟರು ಬೇಕಾಗಿದ್ದದ್ದು ಬೆಳುಂಕಿಯಲ್ಲಿ ನಮ್ಮ ಜೊತೆಗಿರುವ ಅತ್ತೆ ನೀಲವ್ವನವರಿಗೆ. ಅವರ ಅಕ್ಕ ಶಿವವ್ವ ಇರುವುದು ಬಾಲಗಾಂವದಲ್ಲಿ. ಇಬ್ಬರ ಮೊಣಕಾಲುಗಳೂ ಬಸ್ಸಿನ ಮೆಟ್ಟಿಲಿಗೆ ಸೋತ ಮೇಲೆ ಮುಖ ನೋಡಿಕೊಂಡಿರಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದರು, ನಿಜ. ಆದರೆ ಇಬ್ಬರಿಗೂ ಕಿವಿ ಮಂದವಾದ್ದರಿಂದ ಅದು ಎರಡು ಊರಿನ ಓಣಿಗಳು ಕೂಡಿ ಕೇಳುವ ಮಾತು. "ಒಮ್ಮೆ ಆಕಿನ್ನ ಮುಟ್ಟಿ ಬರಬೇಕು" ಎಂದು ಅತ್ತೆ ಅನ್ನುತ್ತಲೇ ಇದ್ದರು.

ತಮ್ಮ ಮನೆಯ ಸ್ಕೂಟರು ಮಾರುತ್ತಿದ್ದವರು ದರಿಬಡಚಿಯ ಬಸಲಿಂಗಪ್ಪ ಕಾಕಾ. ತೀರಿಹೋದ ನಮ್ಮ ಮಾವನವರ ಜೊತೆ ಎತ್ತಿನ ವ್ಯಾಪಾರ ಮಾಡಿದವರು. ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ಲು ಹೊದಿಸಿ, ಬೆರಳು ಹಿಡಿದು ತಿಳಿಸುತ್ತಾರೆ. ಕಾಕಾ ಈಗ ಇಂಜಿನ್ನು ತೋರಿಸುತ್ತಾರೆಂದು ನಾನು ಬಗ್ಗಿದರೆ, ಅವರು ಹೆಗಲ ಮೇಲಿನ ಟವೆಲ್ಲು ತೆಗೆದರು. ಊರವರ ಎತ್ತಿನ ಗಾಡಿಯಲ್ಲಿ ನನ್ನ ಜೊತೆ ಬಂದಿದ್ದ ಅತ್ತೆಯತ್ತ ತಿರುಗಿ, "ತಂಗಿ, ನಿನಗ ಬರತೈತಲ್ಲ?" ಎಂದರು. ಅತ್ತೆ ಕೈ ಚಾಚಿದರು. ಟವೆಲ್ಲು ಒಮ್ಮೆ ಉಬ್ಬಿತು, ಒಮ್ಮೆ ಅಲ್ಲಾಡಿತು, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿತ್ತು. "ಆತು" ಎಂದರು ಅತ್ತೆ. ಅವರ ಕಣ್ಣು ಒದ್ದೆಯಾಗಿತ್ತು. ಧೂಳು ಬಿದ್ದಿರಬೇಕೆಂದುಕೊಂಡೆ, ಬಸ್ಸು ಆಗಷ್ಟೇ ಹೋಗಿತ್ತು.

ಆ ವಾರವೇ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬಾಲಗಾಂವಕ್ಕೆ ಹೊರಟೆ. ಆ ಊರಿನ ಮುಂದಿನ ಏರಿನಲ್ಲಿ ಸ್ಕೂಟರು ಕೆಮ್ಮಿ ನಿಂತು, ಹಿಂದಕ್ಕೆ ಜಾರತೊಡಗಿತು. ನಾನು ಬ್ರೇಕು ಹಿಡಿದೆ, ಅತ್ತೆ ನನ್ನ ಅಂಗಿ ಹಿಡಿದರು. ನಮ್ಮನ್ನು ಹಿಡಿದದ್ದು ರಸ್ತೆ ಬದಿಯ ಮಣ್ಣಿನ ದಿಬ್ಬ. ಅತ್ತೆಗೆ ಏನೂ ಆಗಲಿಲ್ಲ. ಬ್ರೇಕನ್ನು ಮತ್ತೆ ನಂಬದೆ ನಾನು ಸ್ಕೂಟರನ್ನು ಮನೆಯ ಕಡೆ ತಿರುಗಿಸಿದೆ. ಅಕ್ಕನ ಮನೆ ಕಣ್ಣಿಗೆ ಕಾಣುವಷ್ಟು ಹತ್ತಿರ ಹೋಗಿ ತಿರುಗಿ ಬಂದೆವು.

ಮೆಕ್ಯಾನಿಕ್ ಬ್ರೇಕು ಸರಿಮಾಡಿ, ಇಂಜಿನ್ನಿನದು ಹಳೇ ಬೇನೆ, ಏರು ಬಂದರೆ ನಿಂತುಬಿಡುತ್ತದೆ ಎಂದ. ಕಸ್ತೂರಿ ಸೆರಗು ಬಿಗಿದಳು. "ಬ್ಯಾನಿ ಮುಚ್ಚಿಟ್ಟು ನಮ್ಮವ್ವನ್ನ ಬೀಳಸಾಕ ಹೊಂಟಿದ್ದಾ ಮುದುಕಾ. ಕೋರ್ಟಿಗಿ ಎಳೀತೀನಿ." ಮೂವರೂ ಜತ್ತದ ವಕೀಲಬಾಯಿಯ ಮುಂದೆ ಕುಳಿತೆವು.

"ಗ್ರಾಹಕ ಕೋರ್ಟಿಗಿ ಬರೂದಿಲ್ರಿ ಇದು" ಎಂದರು ಅವರು. "ಅವ್ರು ಗಾಡಿ ಮಾರೂ ಧಂದೆದವ್ರಲ್ಲ, ಮನಿ ಗಾಡಿ ಮಾರ್ಯಾರ. ಆದ್ರ ಐಬು ಗೊತ್ತಿದ್ದೂ ಚಲೋ ಐತಿ ಅಂತ ಸುಳ್ಳು ಹೇಳಿದ್ರ, ವ್ಯವಹಾರ ರದ್ದು ಮಾಡ್ರಿ ಅಂತ ನೋಟಿಸು ಕೊಡಬಹುದು. ಒಪ್ಪಲಿಲ್ಲಂದ್ರ ದಿವಾಣಿ, ಅಂದ್ರ ಸಿವಿಲ್ ಕೋರ್ಟು. ಮೊದಲಿಂದ್ಲೂ ಮೋಸದ ಮನಸ್ಸಿತ್ತಂದ್ರ ಪೊಲೀಸ್ ಫಿರ್ಯಾದಿನೂ ಆಗತೈತಿ. ಸಾಬೀತು ಮಾಡವ್ರು ಮಾತ್ರ ನೀವು. ಅವ್ರು ಏನು ಹೇಳಿದ್ರು?"

ಸಾಕ್ಷಿ ನಾನೇ. "ಏನೂ ಹೇಳಲಿಲ್ರಿ" ಎಂದೆ. "ಟವೆಲ್ಲು ಅಲ್ಲಾಡಿತು."

ವಕೀಲಬಾಯಿ ಪೆನ್ನು ಕೆಳಗಿಟ್ಟರು. ಆಗ ಅತ್ತೆ, "ನನಗ ಹೇಳ್ಯಾನವ್ವಾ ಅಂವಾ" ಎಂದರು. "ಕಿರಿಬೆರಳು ಒತ್ತಿದಾ. ಎತ್ತಿನ ವ್ಯಾಪಾರದವರೊಳಗ ಹಂಗ ಒತ್ತಿದ್ರ, ಎತ್ತು ಏರಿಗಿ ನಿಲ್ತೈತಿ ಅಂತ ಅರ್ಥ. ಎರಡ ಸಲ ಒತ್ತಿದಾ, ಪಾಪ, ನಾ ಮರತೀನೇನೋ ಅಂತ."

"ಗೊತ್ತಿದ್ದೂ ತಗೊಂಡ್ಯಾ ಅವ್ವಾ?" ಕಸ್ತೂರಿಯ ದನಿ ಇಳಿದಿತ್ತು.

"ಊಟ ಆದ ಮ್ಯಾಲ ನಿಮ್ಮಪ್ಪ ನನ್ನ ಕೈ ಹಿಡದು ಕಲಿಸಿದ್ದ ಮಾತದು. ಅಂವಾ ಹ್ವಾದ ಮ್ಯಾಲ ಯಾರೂ ನನ್ನ ಕೂಡ ಆಡಿರಲಿಲ್ಲ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ." ನನ್ನ ಕಡೆ ನೋಡಿ ಸೇರಿಸಿದರು, "ಎತ್ತು ನಿಂತ್ರ ಗಾಡಿಗಿ ಹೆಗಲು ಕೊಡತಾರ. ಅಳಿಯಾರು ಅದಾರಲ್ಲ."

ವಕೀಲಬಾಯಿ ನಗು ತಡೆಯುತ್ತ, "ಆಯಿ, ನೀವು ಎದುರಿನವ್ರ ಸಾಕ್ಷಿರಿ" ಎಂದರು. ಗಾಡಿಯ ಕಾಗದಪತ್ರ ಲಗೂನ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದು ನನಗೆ ಹೇಳಿ ಕಳಿಸಿದರು.

ಈಗ ಸ್ಕೂಟರು ಓಡಿಸುವುದು ಕಸ್ತೂರಿ. ಪ್ರತಿ ಸೋಮವಾರ ನಾನು ಮುಂಚಿನ ಬಸ್ಸಿಗೆ ಹೋಗಿ ಬಾಲಗಾಂವದ ಏರಿನ ಬುಡದಲ್ಲಿ ಕಾಯುತ್ತೇನೆ. ಅದು ಬಂದು ನಿಲ್ಲುತ್ತದೆ, ನಾನು ಹೆಗಲು ಕೊಡುತ್ತೇನೆ, ಅತ್ತೆ ಇಳಿಯದೆ ಹಿಂದೆ ಕುಳಿತೇ "ಹೌದ, ಹೌದ" ಎಂದು ನನ್ನನ್ನು ಹುರಿದುಂಬಿಸುತ್ತಾರೆ. ಮೇಲೆ ಬಾಗಿಲಲ್ಲಿ ಶಿವವ್ವ ನಿಂತಿರುತ್ತಾರೆ. ಅಕ್ಕತಂಗಿಯರು ಈಗ ಕೂಗಿ ಮಾತಾಡುವುದಿಲ್ಲ. ಅಕ್ಕನಿಗೆ ಅತ್ತೆ ಬೆರಳಿನ ಮಾತು ಕಲಿಸಿದ್ದಾರೆ. ಒಂದೇ ಸೆರಗಿನ ಕೆಳಗೆ ಕೈ ಸೇರಿಸಿ ಕೂರುತ್ತಾರೆ. ಹೋದ ಸಲ ನಾನು ಬೆವರು ಒರೆಸಿಕೊಳ್ಳುತ್ತಿದ್ದಾಗ ಶಿವವ್ವ, "ಅಳಿಯಾರು ಹೆಂಗ ಅದಾರ?" ಎಂದು ಬಾಯಿಂದಲೇ ಕೇಳಿದರು. ಅತ್ತೆ ಬಾಯಿಂದ ಉತ್ತರಿಸಲಿಲ್ಲ. ಸೆರಗು ಅಲ್ಲಾಡಿತು, ಇಬ್ಬರೂ ನಕ್ಕರು. ಒತ್ತಿದ್ದು ಕಿರಿಬೆರಳೇ ಎಂದು ನಾನು ಆಣೆ ಮಾಡಿ ಹೇಳಲಾರೆ. ನಾನು ನಿಂತಲ್ಲಿಂದ ಕಂಡದ್ದು ಸೆರಗು ಮಾತ್ರ. ಕಸ್ತೂರಿ ಪಕ್ಕದಲ್ಲೇ ಇದ್ದಳು, ನೋಡಿದ್ದಾಳೆ, ಹೇಳುತ್ತಿಲ್ಲ. ಉಳಿದ ಸಾಕ್ಷಿಗಳು ನೀಲವ್ವ ಮತ್ತು ಶಿವವ್ವ. ಇಬ್ಬರೂ ಇದ್ದಾರೆ, ಗಟ್ಟಿಯಾಗಿದ್ದಾರೆ, ಮುಂದಿನ ಸೋಮವಾರ ಮತ್ತೆ ಕೂಡುತ್ತಾರೆ.