ರೈಡ್ ಸಿಂಬಲ್‌ಗೆ ಏರಿಸಿದ ಗೆಜ್ಜೆವಸ್ತ್ರ

ದೇವರ ಮುಂದೆ ಕೂತಾಗ ನನ್ನ ಮನಸ್ಸು ಒಂದು ಕಡೆ ನಿಂತದ್ದೇ ಇಲ್ಲ. ಬಾಯಲ್ಲಿ ಸ್ತೋತ್ರ, ತಲೆಯಲ್ಲಿ ಬೇಳೆ ಬೆಂದಿತೋ ಇಲ್ಲವೋ ಎಂಬ ಚಿಂತೆ. ಇಂಥ ನನ್ನನ್ನು ಒಂದೇ ಪೆಟ್ಟಿಗೆ ಕಲ್ಲಿನ ಹಾಗೆ ಕೂರಿಸಿದ್ದು ಒಂದು ಕಂಚಿನ ತಾಟು ಎಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರಾ ಕೇಳಿ.

ನಮ್ಮ ಮನೆಯವರು ಬಸವಕಲ್ಯಾಣದಲ್ಲಿ ಹೊಲಿಗೆ ಅಂಗಡಿ ಇಟ್ಟವರು. ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾಕ್ಕೆ ಹೋಗಿ ಡ್ರಮ್ ಬಾರಿಸುತ್ತಾರೆ. ಹೋದ ವರ್ಷ ಯಾರದೋ ಹಳೆಯ ರೈಡ್ ಸಿಂಬಲ್, ಅಂದರೆ ಡ್ರಮ್ಮಿನ ಪಕ್ಕ ನಿಲ್ಲಿಸಿ ಬಾರಿಸುವ ಕಂಚಿನ ತಾಟು, ಮನೆಗೆ ತಂದರು. ನಮ್ಮ ಪರಾತಕ್ಕಿಂತ ದೊಡ್ಡದು, ನಡುವೆ ಬೋಳು ತಲೆಯಂಥ ಉಬ್ಬು. "ಹಿಟ್ಟು ನಾದಾಕ ತಂದೀರೇನ್ರಿ?" ಎಂದೆ. ಅವರು ಅದಕ್ಕೆ ಸ್ಟಿಕ್ಕಿನ ತುದಿ ತಾಗಿಸಿದರು.

ಏನು ಹೇಳಲಿ! ಮೊದಲು ಬಳೆಗೆ ಬಳೆ ತಾಗಿದ ಹಾಗೆ 'ಟಿಂಗ್'. ಅದರ ಬೆನ್ನಿಗೇ ಎಲ್ಲೋ ಆಳದಿಂದ 'ಹೂಂ' ಎಂದು ಇನ್ನೊಂದು ದನಿ ಎದ್ದು ಮನೆಯೆಲ್ಲ ತುಂಬಿತು. ನಾರಾಯಣಪುರದ ಶಿವನ ಗುಡಿಯಲ್ಲಿ ಗಂಟೆ ಬಾರಿಸಿದರೆ ನಾನು ಬೇಡುವುದು ಅರ್ಧಕ್ಕೆ ಬರುವಷ್ಟರಲ್ಲಿ ನಾದ ಮುಗಿದಿರುತ್ತದೆ. ಇದು ಹಾಗಲ್ಲ, ಎಲ್ಲರ ಆರೋಗ್ಯ, ನನ್ನ ಮೊಣಕಾಲು, ನಳದ ನೀರು, ಎಲ್ಲ ಬೇಡಿ ಮುಗಿದರೂ 'ಹೂಂ, ಮುಂದೆ ಹೇಳು' ಎನ್ನುತ್ತಲೇ ಇರುತ್ತದೆ. ನಡುವಿನ ಉಬ್ಬಿಗೆ ಹೊಡೆದರೆ ಮಾತ್ರ ಸ್ವಭಾವವೇ ಬೇರೆ. 'ಟಣ್ ಟಣ್', ಥೇಟ್ ನಮ್ಮ ಅತ್ತೆಯವರು ಕರೆದಂತೆ; ಎಲ್ಲಿದ್ದರೂ ಎದ್ದು ನಿಲ್ಲಬೇಕು.

ನನಗೆ ಹಿಡಿಸಿದ ಆ 'ಹೂಂ'ಕಾರವೇ ಇವರಿಗೆ ಮುಳುವಾಯಿತು. ಆರ್ಕೆಸ್ಟ್ರಾದ ಮಾಲಕರಾದ ಕಾಶಪ್ಪನವರು ಮನೆಗೇ ಬಂದು, ಚಹಾ ಕುಡಿಯುತ್ತ ಹೇಳಿದರು: "ಟೇಲರ್ ಸಾಬ್, ನಿಮ್ಮ ತಾಟು ನಮ್ಮ ಹಾಡೋ ಹುಡುಗೀ ದನಿ ನುಂಗಾಕತ್ತದ. ಹುಮನಾಬಾದ್ ಮದುವ್ಯಾಗೂ ಹಿಂಗೇ ಆದ್ರ, ನೀವು ಅಂಗಡ್ಯಾಗೇ ಕುಂದರ್ರಿ." ಅಂದು ಇವರು ಊಟಕ್ಕೆ ಕೂತು ಅರ್ಧ ರೊಟ್ಟಿಗೇ ಎದ್ದರು. ಡ್ರಮ್ ಬಿಟ್ಟರೆ ಈ ಮನುಷ್ಯನಿಗೆ ಬೇರೆ ಹುಚ್ಚಿಲ್ಲ. ಅದೂ ಹೋದರೆ ಹ್ಯಾಗೆ?

ನನಗೆ ತಿಳಿದಿದ್ದು ಒಂದೇ ದಾರಿ. ಮದುವೆಯ ಹಿಂದಿನ ದಿನ ಇವರು ಅಂಗಡಿಗೆ ಹೋದ ಮೇಲೆ ಸಿಂಬಲ್ಲನ್ನು ದೇವರ ಮುಂದಿಟ್ಟು ಪೂಜೆ ಮಾಡಿದೆ. ಹತ್ತಿ ಎಳೆದು, ಕುಂಕುಮ ಹಚ್ಚಿ ಮಾಡಿದ ಉದ್ದನೆಯ ಗೆಜ್ಜೆವಸ್ತ್ರ ಏರಿಸಿದರೆ ನುಣ್ಣನೆಯ ಕಂಚಿನ ಮೇಲೆ ಜಾರಿ ಜಾರಿ ಬಿತ್ತು. ದೇವರಿಗೆ ಏರಿಸಿದ್ದು ನೆಲಕ್ಕೆ ಬೀಳಬಾರದಲ್ಲ, ಮೈದಾ ಅಂಟು ಕಾಸಿ ಸುತ್ತಲೂ ಗಟ್ಟಿಯಾಗಿ ಮೆತ್ತಿದೆ. ಒಣಗಿದ ಮೇಲೆ ನಾನೇ ಚೀಲದಲ್ಲಿ ಹಾಕಿಟ್ಟೆ.

ಹುಮನಾಬಾದಿಗೆ ನಾನೂ ಹೋದೆ. ವೇದಿಕೆಯ ಮೇಲೆ ಚೀಲ ಬಿಚ್ಚಿದ ಇವರು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಏನ್ ಮಾಡೀದಿ ಇದು?"

"ಪೂಜಿ ಮಾಡೇನ್ರಿ."

"ಕೀಳಾಕ ಬರವಲ್ದಲ್ಲ!"

"ಮೈದಾ ಹಚ್ಚೇನ್ರಿ. ಬೀಳಬಾರ್ದು ಅಂತ."

ಉಗುರಿನಿಂದ ಕೆರೆದರು, ಬರಲಿಲ್ಲ. ಅಷ್ಟರಲ್ಲಿ ಕಾಶಪ್ಪನವರು "ಶುರು ಮಾಡ್ರಿ" ಎಂದು ಕೂಗಿದರು. ಇವರು ನನ್ನ ಕಡೆ ಒಮ್ಮೆ ನೋಡಿ ಬಾರಿಸತೊಡಗಿದರು.

ನಾನು ವೇದಿಕೆಯ ಕೆಳಗೆ ಕೈ ಮುಗಿದು ನಿಂತೆ. 'ಟಿಂಗ್, ಟಿಂಗ್, ಟಿಂಗ್'. ಇವರ ಮಶೀನಿನ ಹೊಲಿಗೆಯಂತೆ ಒಂದೊಂದೂ ಬೇರೆ ಬೇರೆ, ಸ್ವಚ್ಛ. ಹುಡುಗಿಯ ದನಿ ಅದರ ಮೇಲೆ ಹಾಯಾಗಿ ತೇಲಿತು. ಹತ್ತಿಯೂ ಮೈದಾವೂ ಸೇರಿ ಕಂಚಿನ ಗುಂಗನ್ನು ಹಿಡಿದಿಟ್ಟಿದ್ದವು. ಹಾಡು ಮುಗಿದಾಗ ಕಾಶಪ್ಪನವರು, "ಟೇಲರ್ ಸಾಬ್, ಇಷ್ಟು ದಿನ ಇದನ್ನ ಎಲ್ಲಿ ಮುಚ್ಚಿ ಇಟ್ಟಿದ್ರಿ? ಮುಂದಿನ ಮದುವಿಗೂ ನೀವೇ ಬರ್ರಿ" ಎಂದರು. ಇವರ ಮುಖ ಮದುಮಗನ ಮುಖಕ್ಕಿಂತ ಕಳೆಕಟ್ಟಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ದೇವರ ದಯೆಯಿಂದ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನನಗೆ ಮಾತ್ರ ಆ 'ಹೂಂ' ಹೋದದ್ದೇ ಸಂಕಟ. ಅದರ ಆಳವೇನು, ಅದು ಏಳುವ ಬಗೆಯೇನು, ಅದಿಲ್ಲದೆ ಮನೆಯಲ್ಲಿ ನಾನು ಹ್ಯಾಗಿರಲಿ ಎಂದು ಇವರಿಗೆ ಒಂದೇ ಸಮನೆ ಹೇಳುತ್ತಿದ್ದೆ. ಇವರು ಸಮಾಧಾನದಿಂದ ಕೇಳಿ, "ಅಂಥಾ ವಸ್ತ್ರ ಮನ್ಯಾಗ ಇನ್ನೊಂದು ಅದ ಏನ?" ಎಂದರು.

"ಅದ ರಿ. ಯಾಕ?"

"ನಿನಗೂ ಒಂದ್ ಸುತ್ತಬೇಕು."

ಹಿಂದಿನ ಸೀಟಿನವರು ನಕ್ಕರು. ಬಸವಕಲ್ಯಾಣ ಬರುವ ತನಕ ನಾನು ಬಾಯಿ ಬಿಡಲಿಲ್ಲ. ಅಂದು ನುಂಗಿಕೊಂಡ ಮಾತನ್ನೆಲ್ಲ ಇವತ್ತು ನಿಮ್ಮ ಕಿವಿಗೆ ಹಾಕಿದ್ದೇನೆ.