ಕಾಕಾ ಕಟ್ಟಿದ ಕೆಂಪು ಪಟ್ಟಿ

ಬಿಷಪ್ಪರನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ ಕೀರ್ತಿ ನಮ್ಮ ವಂಶದಲ್ಲಿ ಯಾರಿಗಾದರೂ ಇದ್ದರೆ ಅದು ನನ್ನ ಕಾಕಾನಿಗೆ ಮಾತ್ರ! ಬಿಷಪ್ಪರ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ, ಪಾಪ. ಇದ್ದದ್ದು ಕುರ್ಚಿಯ ಮೇಲೆ ಅನುಮಾನ.

ಬೀದರಿನಿಂದ ಬಂದು ನಾಶಿಕದ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ತಪಾಸಣೆಯ ಕೆಲಸ ಮಾಡಿದವರು ಕಾಕಾ. ಅಲ್ಲಿ ಅನುಮಾನ ಬಂದ ಯಂತ್ರಕ್ಕೆ ಕೆಂಪು ಪಟ್ಟಿ ಕಟ್ಟುತ್ತಾರಂತೆ. ಪಟ್ಟಿ ಇರುವ ತನಕ ಯಾರೂ ಅದನ್ನು ಮುಟ್ಟುವಂತಿಲ್ಲ. ಕಟ್ಟಿದವನೇ ಬಿಚ್ಚಬೇಕು. ನಿವೃತ್ತಿಯಾದಾಗ ಕಾರ್ಖಾನೆಯೇನೋ ಕಾಕಾನನ್ನು ಬಿಟ್ಟಿತು, ಕಾಕಾ ಪಟ್ಟಿಯನ್ನು ಬಿಡಬೇಕಲ್ಲ! ದರ್ಜಿಯ ಹತ್ತಿರ ಕೆಂಪು ಬಟ್ಟೆ ಹರಿಸಿಕೊಂಡು ಬಂದು ಮನೆಯ ಮಿಕ್ಸರಿಗೆ, ನಲ್ಲಿಗೆ, ಕೊನೆಗೆ ನೆರೆಮನೆಯವರ ಸ್ಕೂಟರಿಗೂ ಕಟ್ಟಿದರು. ಅವರ ಹೆಂಡತಿ, ನನ್ನ ಕಾಕು, ಒಂದು ಸಂಜೆ ಕಾಲು ಚಾಚಿ ಕೂತು, “ನನ್ನ ಮೊಣಕಾಲಿಗೂ ಒಂದೊಂದು ಕಟ್ಟಿಬಿಡ್ರಿ, ಅಡಿಗಿಮನಿಗೆ ಹೋಗೂದರ ತಪ್ಪತದ” ಎಂದರು. ಕಾಕಾ ನಗಲಿಲ್ಲ. ಬಗ್ಗಿ ಎರಡೂ ಮೊಣಕಾಲು ಒತ್ತಿ ನೋಡಿ, ಅವತ್ತು ರೊಟ್ಟಿ ತಾವೇ ಬಡಿದರು. ಆ ರೊಟ್ಟಿಗೇ ಮೊದಲು ಪಟ್ಟಿ ಕಟ್ಟಬೇಕಾಗಿತ್ತು, ಅದು ಬೇರೆ ಮಾತು.

ಮನೆಯಲ್ಲಿ ಕಟ್ಟಲು ಏನೂ ಉಳಿಯದಾದಾಗ ಅವರ ಕಣ್ಣು ನಾಶಿಕದ ನಮ್ಮ ಹಳೆಯ ಕಲ್ಲಿನ ಚರ್ಚಿನ ಮೇಲೆ ಬಿತ್ತು. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ, ವಿಮಾನ ಹಾರುವ ಮೊದಲು ನೋಡುವಂತೆ ಒಂದು ಸುತ್ತು ಹಾಕುತ್ತಿದ್ದರು. ಪಾಪನಿವೇದನೆಯ ಪೆಟ್ಟಿಗೆಯ ಬಾಗಿಲು ಕಿರ್ರೆಂದಿತು. ಬಿತ್ತು ಪಟ್ಟಿ! ಬಡಗಿ ಬಂದು ಸರಿಮಾಡುವ ತನಕ ಊರವರೆಲ್ಲ ತಮ್ಮ ತಮ್ಮ ಪಾಪಗಳನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕಾಯಿತು. ಅದಕ್ಕಾಗಿ ಯಾರೂ ಹೆಚ್ಚು ಬೇಸರಪಟ್ಟಂತೆ ಕಾಣಲಿಲ್ಲ.

ಬಿಷಪ್ಪರ ಕುರ್ಚಿಯ ಕಥೆಯೂ ಹೀಗೆಯೇ. ಅವರು ಬರುವ ದಿನ ಬೆಳಿಗ್ಗೆ ಕಾಕಾ ಕುರ್ಚಿಯನ್ನು ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಿತು. ಫಾದರ್ ಮರಾಠಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ಕೈಮುಗಿದು ಬೇಡಿಕೊಂಡರೂ ಕಾಕಾ ಪಟ್ಟಿ ಬಿಚ್ಚಲಿಲ್ಲ. ಬಿಷಪ್ಪರು ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಪೂಜೆ ಮುಗಿಸಿ ಹೋದರು. ಆಮೇಲೆ ನೋಡಿದರೆ ಕುರ್ಚಿ ಗಟ್ಟಿಮುಟ್ಟಾಗಿತ್ತು, ನೆಲದ ಕಲ್ಲು ಏರುಪೇರಾಗಿತ್ತು! ಕಾಕಾ ಕಿಂಚಿತ್ತೂ ನಾಚಲಿಲ್ಲ. ನೆಲಕ್ಕೆ ಪಟ್ಟಿ ಕಟ್ಟುವುದು ಹೇಗೆ ಎಂದು ಯೋಚಿಸುತ್ತ ನಿಂತರು.

ಇಂಥವರು ಕಾಕು ತೀರಿಕೊಂಡ ವಾರವೇ ಚರ್ಚಿನ ಪೇಟಿಗೆ ಪಟ್ಟಿ ಕಟ್ಟಿದರು. ಪೇಟಿ ಎಂದರೆ ಕಾಲಿನಿಂದ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ. ಈ ಚರ್ಚಿನ ಮೊದಲ ಪಾದ್ರಿಗಳು ಅದನ್ನು ಸಂಭಾಜಿನಗರದಿಂದ, ಆ ಊರಿಗೆ ಇನ್ನೂ ಹಳೆಯ ಹೆಸರಿದ್ದ ಕಾಲದಲ್ಲಿ, ಎತ್ತಿನ ಗಾಡಿಯಲ್ಲಿ ತಂದರಂತೆ. ಆಗ ಇನ್ನೂ ಚರ್ಚೇ ಇರಲಿಲ್ಲ. ಒಂದು ದನದ ಕೊಟ್ಟಿಗೆಯಲ್ಲಿ ಪೇಟಿ ಇಟ್ಟು ಹಾಡಲು ಶುರುಮಾಡಿದರು, ಗೋಡೆ ಆಮೇಲೆ ಎದ್ದಿತು. ಕಾಕು ಮದುವೆಯಾಗಿ ಬಂದಂದಿನಿಂದ ಅದನ್ನು ನುಡಿಸಿದವರು. ನನಗೂ ಕಲಿಸಿದರು. ಸ್ವರ ತಪ್ಪಿದರೆ ಬೆರಳಿನ ಮೇಲೆ ಬಳೆಯಿಂದ ಒಂದು ಪೆಟ್ಟು!

ಗಾಳಿ ಸೋರುತ್ತಿದೆ ಎಂಬುದು ಪಟ್ಟಿಗೆ ಕಾಕಾ ಕೊಟ್ಟ ಕಾರಣ. ಗಾನವೃಂದ ಕೀಬೋರ್ಡ್ ಇಟ್ಟುಕೊಂಡು ಹಾಡಿತು. ಅಷ್ಟರಲ್ಲಿ ಚರ್ಚಿನ ಶತಮಾನೋತ್ಸವ ಬಂತು. ಕೊಟ್ಟಿಗೆಯಲ್ಲಿ ನುಡಿದ ಪೇಟಿಯೇ ಅವತ್ತು ನುಡಿಯಬೇಕು, ನಾನೇ ನುಡಿಸಬೇಕು ಎಂದರು ಫಾದರ್. ನಾನೂ ಸೆರಗು ಕಟ್ಟಿ ನಿಂತೆ. ಕಾಕಾನ ಕಣ್ಣೆದುರೇ ರಿಪೇರಿಯವನನ್ನು ಕರೆಸಿದೆವು. ಪಟ್ಟಿ ಮುಟ್ಟದೆ ಹಿಂದಿನ ಹಲಗೆ ತೆಗೆದು ನೋಡಿ, ಎಲ್ಲಿಯೂ ಸೋರುತ್ತಿಲ್ಲ ಎಂದ. ಅವನಿಗೆ ಕಿವಿ ಇಲ್ಲ ಎಂದು ಕಾಕಾ ತೀರ್ಪು ಕೊಟ್ಟರು.

ಹಟಕ್ಕೆ ಹಟ! ಶನಿವಾರ ಪಕ್ಕದ ಊರಾದ ಸಿನ್ನರ್‌ನಲ್ಲಿ ಕೆಲಸ ಮುಗಿಸಿ ನೇರ ಚರ್ಚಿಗೆ ಕತ್ತರಿ ಹಿಡಿದು ಹೋದೆ. ಪೇಟಿಯ ಪಕ್ಕದಲ್ಲೇ ಕೂತಿದ್ದರು ಕಾಕಾ. ಬಯ್ಯುತ್ತಾರೆಂದುಕೊಂಡರೆ ಮೆಲ್ಲಗೆ ಮಾತಾಡಿದರು.

“ಮಷೀನಿನ ಒಳಗ ಯಾರದರ ಕೈ ಇರ್ತದ ಯವ್ವಾ. ಹೊರಗಿನವರು ಪಟ್ಟಿ ಬಿಚ್ಚಿ ಚಾಲೂ ಮಾಡಿದ್ರ ಆ ಕೈ ಹೋಗ್ತದ. ಅದಕ್ಕ ಕಟ್ಟಿದವನ ಬಿಚ್ಚಬೇಕು.”

“ಪೇಟಿ ಒಳಗ ಯಾರ ಕೈ ಅದ ರೀ ಕಾಕಾ?”

ಅವರು ಕಾಕು ಕೂತು ನುಡಿಸುತ್ತಿದ್ದ ಸ್ಟೂಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಕೇಳಬಾರದ್ದನ್ನು ಕೇಳಿದೆನೆಂದು ನನಗೆ ಆಗ ಹೊಳೆಯಿತು. ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ.

ಉತ್ಸವದ ದಿನ ಬಿಷಪ್ಪರು ಬಂದವರೇ ಕುರ್ಚಿಯ ಕಾಲು ನೋಡಿ, ಕಾಕಾನ ಮುಖ ನೋಡಿ, ಆಮೇಲೆ ಕೂತರು! ನಾನು ಕೀಬೋರ್ಡಿನ ಮುಂದೆ ನಿಂತಿದ್ದೆ. ಆಗ ಕಾಕಾ ತಮ್ಮ ಜಾಗದಿಂದ ಎದ್ದು ಪೇಟಿಯ ಹತ್ತಿರ ಬಂದು ಗಂಟಿಗೆ ಕೈ ಹಾಕಿದರು. ಗಂಟು ಸಡಿಲವೇ ಇತ್ತು. ಬೆರಳು ಮುಂದೆ ಹೋಗಲಿಲ್ಲ. ಅವರು ನನ್ನ ಕಡೆ ತಿರುಗಿ ಕರೆದರು.

“ನನ್ನ ಕೈಲೆ ಆಗವಲ್ದು. ನೀ ಬಿಚ್ಚು ಯವ್ವಾ. ಒಳಗ ಯಾರೂ ಇಲ್ಲ.”

ಆಯುಷ್ಯದಲ್ಲಿ ಒಂದೇ ಒಂದು ನಿಯಮವನ್ನೂ ಮುರಿಯದ ಮನುಷ್ಯ! ನಾನು ಪಟ್ಟಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಲ್ಲೇ ನಿಂತರು. ನಾನು ಕೂತು ತುಳಿದೆ, ಪೇಟಿ ಗಾಳಿ ತುಂಬಿಕೊಂಡು ನುಡಿಯಿತು. ಮೊದಲ ಸಾಲಿನಲ್ಲೇ ಒಂದು ಸ್ವರ ತಪ್ಪಿತು. ಬಳೆಯ ಪೆಟ್ಟು ಬೀಳುತ್ತದೆಂದು ಬೆರಳು ತಾನಾಗಿ ಹಿಂದೆ ಸರಿಯಿತು. ಪೆಟ್ಟು ಬೀಳಲಿಲ್ಲ. ಅಳು ಉಕ್ಕಿ ಬಂತು, ಆದರೂ ನಿಲ್ಲಿಸದೆ ಕೊನೆಯ ತನಕ ನುಡಿಸಿದೆ.