ತೂಗಬಾರದ ತೊಟ್ಟಿಲು

ನನ್ನ ತಂಗಿಯ ಮಗಳ ಎದುರು ಯಾರೂ ನಿಶ್ಚಿಂತೆಯಿಂದ ಉಸಿರಾಡುವಂತಿಲ್ಲ! ಕಲಘಟಗಿಯ ಈ ಹುಡುಗಿ ನರ್ಸಿಂಗ್ ಓದಿನ ಕೊನೆಯ ವರ್ಷದಲ್ಲಿದ್ದಾಳೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ, ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳ ತೀವ್ರ ನಿಗಾ ಘಟಕಕ್ಕೆ ಅವಳನ್ನು ತರಬೇತಿಗೆ ಆರಿಸಿದರು. ಅಂದಿನಿಂದ ಮನೆಮಂದಿಯೆಲ್ಲ ರೋಗಿಗಳು.

ಉಸಿರು ಎಣಿಸುವ ಈ ಸಿದ್ಧತೆ ಆರಂಭವಾದದ್ದು ಸೋಮವಾರ. ತಂಗಿ ಮಂಗಳವಾರವೆಂದು ವಾದಿಸುತ್ತಾಳೆ. ಆದರೆ ಆ ಮೊದಲ ದಿನ ಹಿತ್ತಲಲ್ಲಿ ಮಲಗಿದ್ದ ಎತ್ತುಗಳ ಉಸಿರನ್ನೂ ಇವಳು ಎಣಿಸಿದ್ದಳು. ಬಸವಣ್ಣನ ವಾರವೆಂದು ಹೂಡದೆ ಬಿಡುವ ಸೋಮವಾರವಲ್ಲದೆ ಎತ್ತುಗಳಿಗೆ ಆ ಪುರುಸೊತ್ತು ಎಲ್ಲಿಯದು?

ಎಣಿಸುತ್ತಿರುವುದು ತಿಳಿದರೆ ಉಸಿರಿನ ಲಯ ಕೆಡುತ್ತದಂತೆ. ಆದ್ದರಿಂದ ನಾಡಿ ಹಿಡಿದಂತೆ ನಟಿಸಿ ಎದೆಯನ್ನು ನೋಡುತ್ತಾಳೆ.

“ಮಾಮಾ, ನಿಮಿಷಕ್ಕ ಇಪ್ಪತ್ತಾರು. ಯಾಕಿಷ್ಟು ಗಡಿಬಿಡಿ?”

“ನೀ ಎಣಸಾಕತ್ತೀಯಲ್ಲ, ಅದಕ್ಕ!”

ಬಳಿಕ ಅಟ್ಟದಿಂದ ಬಣ್ಣದ ತೊಟ್ಟಿಲು ಇಳಿಯಿತು. ಅದು ಮುತ್ತಜ್ಜಿಯ ಕಾಲದ್ದೆಂಬುದಕ್ಕೆ ಆಧಾರವಿಲ್ಲ. ಇವಳು ಅದರಲ್ಲಿ ಮಲಗಿ ಓಣಿಯನ್ನೆಲ್ಲ ಎಬ್ಬಿಸಿದ್ದಕ್ಕೆ ಸಾಕ್ಷಿಗಳು ಹಲವರಿದ್ದಾರೆ. ಅದರಲ್ಲೊಂದು ಗೊಂಬೆಯನ್ನು ಮಲಗಿಸಿ, ಮೈಗೆ ಏಳು ಉಲ್ಲನ್ ದಾರಗಳನ್ನು ಅಂಟಿಸಿ, ಅವುಗಳ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಒಂದೊಂದಕ್ಕೂ ಚೀಟಿ ಹಚ್ಚಿದಳು: ಇದು ಉಸಿರಿನ ನಳಿಕೆ, ಇದು ಔಷಧಿಯದು, ಇದು ಎದೆಯೊಳಗಿನ ನೀರು ಇಳಿಯುವುದಕ್ಕೆ. ಒಂದು ದಾರವೂ ಜಗ್ಗದಂತೆ ಗೊಂಬೆಯ ಮಗ್ಗುಲು ಬದಲಿಸಬೇಕು. ಪ್ರತಿ ಸಲವೂ ಒಂದಾದರೂ ದಾರ ಜಗ್ಗುತ್ತಿತ್ತು.

“ಇದು ಗೊಂಬಿ, ಮಾಮಾ. ಅಲ್ಲಿ ಖರೇ ಕೂಸು. ನಾ ಒಲ್ಲೆ ಅಂತ ಬರದ ಕೊಡತೀನಿ,” ಎಂದಳು. ಆಸ್ಪತ್ರೆಗೆ ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

ಗುರುವಾರ ಬಾಜು ಮನೆಯ ಚಾಚಿ ಬಂದರು. ಬಣ್ಣದ ತೊಟ್ಟಿಲಿಗೇ ಹೆಸರಾದ ಕಲಘಟಗಿಯಲ್ಲಿ ಅದರ ಮುಂದೆ ಕುಳಿತವರ ಕೈ ಸುಮ್ಮನಿದ್ದೀತೆ? ಮಾತಾಡುತ್ತಲೇ ಜೋರಾಗಿ ಒಮ್ಮೆ ತೂಗಿಬಿಟ್ಟರು. ಏಳರಲ್ಲಿ ಐದು ದಾರ ಕಿತ್ತುಬಂದವು!

“ಚಾಚಿ, ತೂಗಬಾರದ್ರಿ! ನಳಿಗಿ ಎಲ್ಲಾ ಕಿತ್ತು ಬಂದ್ವು!”

“ತೌಬಾ! ತೊಟ್ಟಲಾ ತೂಗದ ಮತ್ತೇನು ಪೂಜಿ ಮಾಡತಾರೇನ?”

“ಅಲ್ಲಿ ತೂಗೂ ಹಂಗಿಲ್ಲ. ಸದ್ಯ ಎತ್ತಿಕೊಳ್ಳೂ ಹಂಗೂ ಇಲ್ಲ.”

ಚಾಚಿ ತೊಟ್ಟಿಲಿನಿಂದ ಕೈ ಹಿಂದೆಗೆದರು.

“ಹಂಗಾರ ಹಡದಾಕಿ ತನ್ನ ಕೈ ಎಲ್ಲಿ ಇಟಗೋಬೇಕು, ಬೇಟಿ?”

ಏಳು ನಳಿಕೆಗಳ ವಿವರ ಬರೆದಿಟ್ಟಿದ್ದ ನೋಟ್‌ಬುಕ್ಕನ್ನು ಅವಳು ತಿರುವಿಹಾಕಿದಳು, ಮಡಚಿಟ್ಟಳು. ಹಿಂದೊಮ್ಮೆ ಘಟಕವನ್ನು ನೋಡಿಬರಲು ಹೋಗಿದ್ದಾಗ ಹಿರಿಯ ಸಿಸ್ಟರೊಬ್ಬರು ಒಬ್ಬ ತಾಯಿಯ ಕೈಗಳನ್ನು ಕೂಸಿನ ಮೇಲೆ ಇರಿಸಿ ತೋರಿಸಿದ್ದು ನೆನಪಾಗಿರಬೇಕು. ಚಾಚಿಯ ಕೈ ತೊಳೆಸಿದಳು. ಒಂದು ಅಂಗೈಯನ್ನು ಗೊಂಬೆಯ ನೆತ್ತಿಯ ಮೇಲೆ, ಇನ್ನೊಂದನ್ನು ಪಾದಗಳ ಮೇಲೆ ತಾನೇ ಹಿಡಿದು ಇರಿಸಿದಳು.

“ಇಲ್ಲಿ ಇಡ್ರಿ. ಒತ್ತಬ್ಯಾಡ್ರಿ, ತಟ್ಟಬ್ಯಾಡ್ರಿ. ನೀವು ಬಾಜೂಕ ಅದೀರಿ ಅಂತ ಕೂಸಿಗೆ ತಿಳದ್ರ ಸಾಕು.”

ಉಳಿದಿದ್ದ ಎರಡು ದಾರಗಳಲ್ಲಿ ಒಂದೂ ಜಗ್ಗಿರಲಿಲ್ಲ. ಅದು ನನಗೆ ಕಂಡಿತು; ಅವಳಿಗೂ ಕಂಡಿತು.

“ನಾಳಿ ಹೂಂ ಅಂತ ಬರದ ಕೊಡತೀನಿ, ಮಾಮಾ,” ಎಂದಳು ಮೆಲ್ಲಗೆ.

ಚಾಚಿ ಮಾತ್ರ ಕಣ್ಣು ಮುಚ್ಚಿ ಕುಳಿತೇ ಇದ್ದರು. ಕೈ ತೆಗೆಯಿರಿ ಎಂದು ಹೇಳಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.